ದೇವರ ಚಿತ್ತ: ಗುರುತಿಗೆ ಕಾಯುವವರು, ವಿವೇಕವನ್ನು ನಂಬುವವರು

ಮಗಳಿಗೆ ಒಂದು ಸಂಬಂಧ ಬಂದಿದೆ ಅನ್ನಿ. ಹುಡುಗನಿಗೆ ಕೆಲಸವಿದೆ, ಮನೆತನ ಪರಿಚಯದ್ದು, ಬೇಡವೆನ್ನಲು ಕಾರಣವಿಲ್ಲ. ಆದರೂ ಮನೆಯ ಹಿರಿಯರು ಕೂಡಲೇ ಒಪ್ಪಿಗೆ ಕೊಡುವುದಿಲ್ಲ. “ಪ್ರಾರ್ಥನೆ ಮಾಡಿ ಹೇಳ್ತೀವಿ” ಎನ್ನುತ್ತಾರೆ. ಮಂಗಳೂರಿನ ಕಥೋಲಿಕರಾಗಲಿ, ಧಾರವಾಡದ ಸಿಎಸ್‌ಐ ಕುಟುಂಬವಾಗಲಿ, ಬೀದರಿನ ಮೆಥೊಡಿಸ್ಟರಾಗಲಿ, ಬೆಂಗಳೂರಿನ ಪೆಂತೆಕೊಸ್ತ ಸಭೆಯವರಾಗಲಿ, ಈ ಮಾತು ಎಲ್ಲರ ಮನೆಯಲ್ಲೂ ಕೇಳಿಬರುತ್ತದೆ. ಕುವೈತಿನಿಂದ ಕೆಲಸದ ಕರೆ ಬಂದಾಗ, ನರ್ಸಿಂಗ್ ಮುಗಿಸಿದ ಹುಡುಗಿ ಹೊರದೇಶಕ್ಕೆ ಹೊರಟಾಗ, ಹೊಲ ಮಾರುವ ಮಾತು ಎದ್ದಾಗ, ಓದಿದ ಮಗ ಸೆಮಿನರಿ ಸೇರುತ್ತೇನೆಂದಾಗ ಅದೇ ಪ್ರಶ್ನೆ: ಇದು ದೇವರ ಚಿತ್ತವೇ?

ಉತ್ತರ ಹುಡುಕುವ ಬಗೆಯಲ್ಲಿ ಕ್ರೈಸ್ತರಲ್ಲಿ ಎರಡು ಪಕ್ಷಗಳಿವೆ. ದೇವರು ಪ್ರತಿಯೊಬ್ಬರ ಬದುಕಿಗೂ ತನ್ನದೇ ಒಂದು ಯೋಜನೆ ಇಟ್ಟಿದ್ದಾನೆ, ಯಾರನ್ನು ಮದುವೆಯಾಗಬೇಕು, ಯಾವ ಊರಿನಲ್ಲಿ ಇರಬೇಕು ಎಂಬುದೂ ಅದರಲ್ಲಿ ಸೇರಿದೆ, ಕೇಳುವವರಿಗೆ ಆತನು ಅದನ್ನು ತಿಳಿಸುತ್ತಾನೆ ಎಂಬುದು ಒಂದು ಪಕ್ಷ. ನಾವು ಹೇಗೆ ಬಾಳಬೇಕೆಂಬುದನ್ನು ದೇವರು ಸತ್ಯವೇದದಲ್ಲಿ ಆಗಲೇ ಹೇಳಿಯಾಗಿದೆ, ಉಳಿದದ್ದನ್ನು ಆತನು ಕೊಟ್ಟ ಬುದ್ಧಿಯಿಂದ ತೀರ್ಮಾನಿಸಬೇಕು ಎಂಬುದು ಇನ್ನೊಂದು. ಎರಡೂ ಕಡೆ ಪ್ರಾಮಾಣಿಕ ಭಕ್ತರಿದ್ದಾರೆ, ಎರಡೂ ಕಡೆ ವಚನಗಳ ಆಧಾರವಿದೆ. ಹಾಗಾಗಿ ಒಂದನ್ನು ಮೂಢನಂಬಿಕೆ, ಇನ್ನೊಂದನ್ನು ಅವಿಶ್ವಾಸ ಎಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ.

ಮೊದಲನೆಯವರ ಮಾತನ್ನು ಅವರ ನೆಲೆಯಿಂದಲೇ ಕೇಳೋಣ. ಆದಿಕಾಂಡದ 24ನೇ ಅಧ್ಯಾಯದಲ್ಲಿ ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ಹುಡುಕಲು ಹೋಗುತ್ತಾನೆ. ಬಾವಿಯ ಬಳಿ ನಿಂತು, ನನಗೂ ನನ್ನ ಒಂಟೆಗಳಿಗೂ ನೀರು ಕೊಡುವ ಹುಡುಗಿಯೇ ನೀನು ನೇಮಿಸಿದವಳಾಗಿರಲಿ ಎಂದು ಬೇಡುತ್ತಾನೆ. ಪ್ರಾರ್ಥನೆ ಮುಗಿಯುವ ಮುನ್ನವೇ ರೆಬೆಕ್ಕಳು ಕೊಡ ಹೊತ್ತು ಬರುತ್ತಾಳೆ. ನ್ಯಾಯಸ್ಥಾಪಕರ 6ನೇ ಅಧ್ಯಾಯದಲ್ಲಿ ಗಿದ್ಯೋನ ಕುರಿಯ ಉಣ್ಣೆಯನ್ನು ಕಣದಲ್ಲಿಟ್ಟು ಎರಡು ರಾತ್ರಿ ಎರಡು ಬಗೆಯ ಗುರುತು ಕೇಳುತ್ತಾನೆ. ದೇವರು ಸಿಟ್ಟಾಗದೆ ಎರಡನ್ನೂ ಕೊಡುತ್ತಾನೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಪೌಲನು ಆಸ್ಯ ಸೀಮೆಗೆ ಹೋಗಬೇಕೆಂದರೆ ಪವಿತ್ರಾತ್ಮನ ತಡೆ, ಬಿಥೂನ್ಯಕ್ಕೆ ಹೋಗಬೇಕೆಂದರೆ ಮತ್ತೆ ತಡೆ. ಕೊನೆಗೆ ರಾತ್ರಿಯ ದರ್ಶನದಲ್ಲಿ ಮಕೆದೋನ್ಯದ ಮನುಷ್ಯನೊಬ್ಬ ಬಂದು ಕರೆಯುತ್ತಾನೆ. ಇಂಥ ದೇವರು ಇಂದು ಯಾಕೆ ಮೌನವಾಗಿರಬೇಕು? ತಲೆಯ ಕೂದಲನ್ನೂ ಎಣಿಸುವ ತಂದೆ ಮಗಳ ಮದುವೆಯ ವಿಷಯದಲ್ಲಿ ಯಾಕೆ ಉದಾಸೀನನಾಗಬೇಕು? ಉಪವಾಸ ಪ್ರಾರ್ಥನೆ, ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಪಡೆದ ವಾಗ್ದಾನದ ವಚನ, ಹಿರಿಯ ವಿಶ್ವಾಸಿಯೊಬ್ಬರ ಕನಸು, ತಾನಾಗಿ ತೆರೆದ ಅಥವಾ ಮುಚ್ಚಿಕೊಂಡ ಬಾಗಿಲು, ಎಲ್ಲದರಲ್ಲೂ ಅವರು ದೇವರ ಕೈಯನ್ನು ಹುಡುಕುವುದು ಈ ಭರವಸೆಯಿಂದ.

ಈ ದಾರಿ ಮನುಷ್ಯರನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಜಾರ್ಜ್ ಮ್ಯೂಲರ್ ದೊಡ್ಡ ಸಾಕ್ಷಿ. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥ ಮಕ್ಕಳಿಗೆ ಮನೆ ತೆರೆದರು. ಯಾರ ಮುಂದೆಯೂ ಹಣ ಕೇಳಲಿಲ್ಲ, ದೇವರ ಮುಂದೆ ಮಾತ್ರ ಕೇಳಿದರು. 1898ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸುಮಾರು ಹತ್ತು ಸಾವಿರ ಮಕ್ಕಳು ಆ ಮನೆಗಳ ಆಸರೆ ಪಡೆದಿದ್ದರು. ದೇವರ ಚಿತ್ತವನ್ನು ತಾನು ಹೇಗೆ ತಿಳಿಯುತ್ತೇನೆಂದು ಅವರು ಬರೆದಿಟ್ಟ ಕ್ರಮ ಇಂದಿಗೂ ಪ್ರಸಿದ್ಧ. ಮೊದಲು ಆ ವಿಷಯದಲ್ಲಿ ಸ್ವಂತ ಇಚ್ಛೆಯನ್ನು ಬಿಟ್ಟುಕೊಡಬೇಕು; ಭಾವನೆಯನ್ನು ನೆಚ್ಚಬಾರದು; ಆತ್ಮನ ನಡೆಸುವಿಕೆಯನ್ನು ವಚನದ ಜೊತೆಗೇ ಹುಡುಕಬೇಕು; ಸಂದರ್ಭಗಳನ್ನು ಗಮನಿಸಬೇಕು; ಪ್ರಾರ್ಥಿಸಬೇಕು; ಬಳಿಕ ತನ್ನ ತಿಳಿವಿನ ಮಟ್ಟಿಗೆ ತೀರ್ಮಾನಿಸಬೇಕು. ತೀರ್ಮಾನದ ನಂತರವೂ ಮನಸ್ಸು ಸಮಾಧಾನವಾಗಿದ್ದರೆ ಮುಂದೆ ಹೆಜ್ಜೆ ಇಡಬೇಕು. ಗುರುತಿನ ಪಕ್ಷದ ವೀರನೆಂದು ಹೆಸರಾದ ಮ್ಯೂಲರ್ ಬುದ್ಧಿಗೆ ರಜೆ ಕೊಟ್ಟವರಲ್ಲ ಎಂಬುದು ಇಲ್ಲಿ ಸ್ಪಷ್ಟ.

ಆದರೆ ಎಲ್ಲರೂ ಮ್ಯೂಲರ್ ಆಗುವುದಿಲ್ಲ. 1737ರಲ್ಲಿ ಅಮೆರಿಕದ ಜಾರ್ಜಿಯದಲ್ಲಿದ್ದ ಜಾನ್ ವೆಸ್ಲಿ ಸೋಫಿ ಹಾಪ್ಕಿ ಎಂಬ ಹೆಣ್ಣುಮಗಳನ್ನು ಮದುವೆಯಾಗಬೇಕೇ ಬೇಡವೇ ಎಂದು ತೊಳಲಾಡಿ, ಕೊನೆಗೆ ಮೂರು ಚೀಟಿ ಬರೆದು ಎತ್ತಿಸಿದರು. ಆ ಯೋಚನೆಯನ್ನೇ ಬಿಟ್ಟುಬಿಡು ಎಂಬರ್ಥದ ಚೀಟಿ ಬಂತು. ಅವರು ಅದನ್ನು ದೇವರ ಮಾತೆಂದು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾದಳು. ಆಮೇಲೆ ವೆಸ್ಲಿ ಆಕೆಗೆ ಪ್ರಭುಭೋಜನ ನಿರಾಕರಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ವರ್ಷ ಮುಗಿಯುವುದರೊಳಗೆ ಅವರು ಜಾರ್ಜಿಯ ಬಿಟ್ಟು ಹೊರಟರು. ಚೀಟಿ ಸುಳ್ಳು ಹೇಳಿತೋ ನಿಜ ಹೇಳಿತೋ ಯಾರೂ ಹೇಳಲಾರರು. ಆದರೆ ಹೃದಯದೊಳಗಿನ ಗೊಂದಲವನ್ನು ಅದು ತೀರಿಸಲಿಲ್ಲ ಎಂಬುದನ್ನು ಮುಂದಿನ ಘಟನೆಗಳೇ ಹೇಳುತ್ತವೆ.

ವೆಸ್ಲಿಗೆ ಈ ರೂಢಿ ಹತ್ತಿರವಾದದ್ದು ಜರ್ಮನಿಯ ಹೆರ್ನ್‌ಹೂಟ್‌ನಿಂದ ಬಂದ ಮೊರೇವಿಯನ್ ಭಕ್ತರ ಸಹವಾಸದಲ್ಲಿ. ಆ ಸಮುದಾಯದಲ್ಲಿ ಸೇವೆಯ ನೇಮಕಾತಿಗೂ ಮದುವೆಗೂ ಚೀಟಿ ಎತ್ತಿ ಕರ್ತನ ಒಪ್ಪಿಗೆ ಕೇಳುತ್ತಿದ್ದರು. ಕೆರಿಬಿಯನ್ ದ್ವೀಪಗಳ ಗುಲಾಮರಿಗೆ ಸುವಾರ್ತೆ ಸಾರಲು 1732ರಲ್ಲಿ ಹೊರಟ ಲಿಯೊನಾರ್ಡ್ ಡೋಬರ್ ಅವರನ್ನು ಕಳಿಸಿದ್ದೂ ಹೀಗೆ ಎತ್ತಿದ ಚೀಟಿಯೇ. ಅಂದರೆ ಈ ಪದ್ಧತಿಯಿಂದ ತ್ಯಾಗದ ಬದುಕುಗಳೂ ಹುಟ್ಟಿದವು. ಆದರೂ 19ನೇ ಶತಮಾನದ ಆರಂಭದಲ್ಲಿ ಅದೇ ಸಮುದಾಯ ಮದುವೆಗೆ ಚೀಟಿ ಕಡ್ಡಾಯವೆಂಬ ಕಟ್ಟುಪಾಡನ್ನು ಸಡಿಲಿಸಿತು. ಬಾಳಬೇಕಾದ ಯುವಕ ಯುವತಿಯರು ಅದನ್ನು ಭಾರವೆಂದು ಕಂಡಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಸಂತ ಆಗಸ್ಟೀನರಿದ್ದಾರೆ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಮಗುವಿನ ದನಿಯೊಂದನ್ನು ಕೇಳಿ, ಪೌಲನ ಪತ್ರಗಳನ್ನು ತೆರೆದು, ಕಣ್ಣಿಗೆ ಬಿದ್ದ ಸಾಲಿನಿಂದ ಬದುಕೇ ತಿರುಗಿದವರು ಅವರು. ಅದೇ ಆಗಸ್ಟೀನರು ಮುಂದೆ ಬಿಷಪರಾದ ಮೇಲೆ, ಲೌಕಿಕ ವ್ಯವಹಾರಗಳಿಗಾಗಿ ಸುವಾರ್ತೆಯ ಪುಟ ತೆರೆದು ಶಕುನ ನೋಡುವುದು ತನಗೆ ಹಿಡಿಸುವುದಿಲ್ಲ ಎಂದು ಪತ್ರವೊಂದರಲ್ಲಿ ಬರೆದರು. ದೆವ್ವಗಳನ್ನು ಕೇಳುವುದಕ್ಕಿಂತ ಅದು ವಾಸಿ ಎಂದು ಸೇರಿಸುವುದನ್ನೂ ಮರೆಯಲಿಲ್ಲ. 506ರಲ್ಲಿ ಇಂದಿನ ಫ್ರಾನ್ಸಿನ ಅಗ್ದ್‌ನಲ್ಲಿ ಸೇರಿದ ಧರ್ಮಸಭೆ ಇಂಥ ಶಕುನಗಳನ್ನು ನಿಷೇಧಿಸಿತು. ನಮ್ಮ ನಾಡಿನಲ್ಲಿ ದೇವರ ಮೂರ್ತಿಯ ಮೇಲೆ ಹೂವಿಟ್ಟು ಬಲಗಡೆ ಬೀಳುವುದೋ ಎಡಗಡೆಯೋ ಎಂದು ಪ್ರಸಾದ ಕೇಳುವ ಸಂಪ್ರದಾಯವಿದೆ. ಗೊತ್ತಿಲ್ಲದ ನಾಳೆಯ ಮುಂದೆ ನಿಂತ ಮನುಷ್ಯನ ಹಂಬಲ ಎಲ್ಲೆಡೆ ಒಂದೇ. ಕ್ರೈಸ್ತರು ತಮ್ಮನ್ನು ಕೇಳಿಕೊಳ್ಳಬೇಕಾದದ್ದು ಇಷ್ಟು: ಕಣ್ಣುಮುಚ್ಚಿ ಬೆರಳಿಟ್ಟ ವಚನದಲ್ಲಿ ನಾವು ಹುಡುಕುತ್ತಿರುವುದು ದೇವರನ್ನೋ, ನಾಳೆಯ ಬಗೆಗಿನ ಖಾತರಿಯನ್ನೋ?

ಗುರುತಿನ ದಾರಿಯಲ್ಲಿ ಇನ್ನೊಂದು ನೋವಿದೆ, ಅದನ್ನು ಅನುಭವಿಸುವವರು ಹೊರಗೆ ಹೇಳುವುದಿಲ್ಲ. ದೇವರ ಯೋಜನೆ ಒಂದೇ ಗೆರೆಯಂತಿದ್ದರೆ, ಒಮ್ಮೆ ತಪ್ಪಿದವರ ಗತಿ ಏನು? ಆ ಸಂಬಂಧ ಒಪ್ಪಬಾರದಿತ್ತೇನೋ, ಆ ಕೆಲಸ ಬಿಡಬಾರದಿತ್ತೇನೋ ಎಂಬ ಅನುಮಾನದಲ್ಲೇ ವರ್ಷಗಟ್ಟಲೆ ಕೊರಗುವ ವಿಶ್ವಾಸಿಗಳು ನಮ್ಮ ಸಭೆಗಳಲ್ಲಿದ್ದಾರೆ. ಗುರುತು ಬರಲಿ ಎಂದು ಕಾದು ಕಾದು ಏನನ್ನೂ ಮಾಡದೆ ಕುಳಿತ ಯುವಕರೂ ಇದ್ದಾರೆ.

ಎರಡನೆಯ ಪಕ್ಷದವರು ಹೊರಡುವುದು ಇಲ್ಲಿಂದಲೇ. ಧರ್ಮೋಪದೇಶಕಾಂಡ 29:29ರ ಪ್ರಕಾರ ಮರೆಯಾಗಿರುವ ವಿಷಯಗಳು ದೇವರಿಗೆ ಸೇರಿದವು, ಪ್ರಕಟವಾಗಿರುವವು ನಾವು ಕೈಕೊಳ್ಳುವುದಕ್ಕಾಗಿ ಇವೆ. ಮೀಕನು ದೇವರು ಕೇಳುವುದು ಏನೆಂಬುದನ್ನು ನ್ಯಾಯ, ಕರುಣೆ, ನಮ್ರ ನಡೆ ಎಂಬ ಮೂರರಲ್ಲಿ ಮುಗಿಸುತ್ತಾನೆ. ಥೆಸಲೋನಿಕದವರಿಗೆ ಬರೆಯುವಾಗ ಪೌಲನು ದೇವರ ಚಿತ್ತ ಯಾವುದೆಂದು ನೇರವಾಗಿಯೇ ಹೇಳುತ್ತಾನೆ: ಪರಿಶುದ್ಧತೆ, ಎಲ್ಲ ಸ್ಥಿತಿಯಲ್ಲೂ ಕೃತಜ್ಞತೆ. ಮದುವೆಯ ವಿಷಯದಲ್ಲೂ ಆತನು ವಿಧವೆಗೆ ಕೊಟ್ಟ ಸಲಹೆ (1 ಕೊರಿಂಥ 7:39) ಸರಳ. ತನಗೆ ಇಷ್ಟವಾದವನನ್ನು ಆಕೆ ಮದುವೆಯಾಗಬಹುದು, ಆತ ಕರ್ತನಲ್ಲಿರುವವನಾಗಿರಬೇಕು ಅಷ್ಟೇ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟಿಯಿಂದ ಆರಿಸಿದ್ದು ಪಂಚಾಶತ್ತಮ ದಿನಕ್ಕೆ ಮುಂಚೆ. ಪವಿತ್ರಾತ್ಮನು ಬಂದ ಮೇಲೆ ಹೊಸ ಒಡಂಬಡಿಕೆಯಲ್ಲಿ ಚೀಟಿಯ ಸುದ್ದಿಯೇ ಇಲ್ಲ. ಯೆರೂಸಲೇಮಿನ ಸಭೆ ಅನ್ಯಜನರ ಪ್ರಶ್ನೆಯನ್ನು ಬಗೆಹರಿಸಿದ್ದು ಸಾಕ್ಷಿ ಕೇಳಿ, ವಾದ ಮಾಡಿ, ವಚನ ನೋಡಿ. ಕೊನೆಗೆ ಆ ತೀರ್ಮಾನ ಪವಿತ್ರಾತ್ಮನಿಗೂ ತಮಗೂ ಸರಿ ಕಂಡಿತೆಂದು ಅವರು ಬರೆದರು.

ಈ ವಾದವನ್ನು ನಮ್ಮ ಕಾಲದಲ್ಲಿ ವಿಸ್ತಾರವಾಗಿ ಮಂಡಿಸಿದವರು ಅಮೆರಿಕದ ಗ್ಯಾರಿ ಫ್ರೀಸನ್. ತೀರ್ಮಾನ ಕೈಗೊಳ್ಳುವುದನ್ನೂ ದೇವರ ಚಿತ್ತವನ್ನೂ ಕುರಿತ ಅವರ ಪುಸ್ತಕ 1980ರಲ್ಲಿ ಬಂತು. ವಚನ ಆಜ್ಞಾಪಿಸಿದ್ದನ್ನು ಪಾಲಿಸಬೇಕು. ಆಜ್ಞೆ ಇಲ್ಲದ ಕಡೆ ವಿಶ್ವಾಸಿಗೆ ಸ್ವಾತಂತ್ರ್ಯವೂ ಹೊಣೆಯೂ ಇದೆ. ಅಲ್ಲಿ ಆರಿಸುವುದಕ್ಕೆ ದೇವರು ವಿವೇಕ ಕೊಡುತ್ತಾನೆ. ಆರಿಸಿದ ಮೇಲೆ ಫಲವನ್ನು ಆತನ ಕೈಗೆ ಬಿಡಬೇಕು ಎಂಬುದು ಅವರ ಮಾತಿನ ತಿರುಳು. ಮನೆಗೋಡೆಗಳ ಮೇಲೆ, ಕ್ಯಾಲೆಂಡರುಗಳ ಮೇಲೆ ಕಾಣುವ ಯೆರೆಮೀಯ 29:11ರ ವಾಗ್ದಾನವನ್ನೂ ಈ ಪಕ್ಷದವರು ಬೇರೆ ರೀತಿ ಓದುತ್ತಾರೆ. ಅದು ಬಾಬೆಲಿನಲ್ಲಿ ಸೆರೆಯಾಗಿದ್ದ ಇಡೀ ಜನಾಂಗಕ್ಕೆ ಬರೆದ ಪತ್ರ. ಬಿಡುಗಡೆಗೆ 70 ವರ್ಷ ಕಾಯಬೇಕೆಂದು ಅದರ ಹಿಂದಿನ ವಚನವೇ ಹೇಳುತ್ತದೆ. ಅಲ್ಲಿಯವರೆಗೆ ಮಾಡಬೇಕಾದದ್ದು ಮನೆ ಕಟ್ಟುವುದು, ತೋಟ ಮಾಡುವುದು, ಮಕ್ಕಳಿಗೆ ಮದುವೆ ಮಾಡುವುದು, ಇರುವ ಪಟ್ಟಣದ ಕ್ಷೇಮ ಹಾರೈಸುವುದು. ಅಷ್ಟೂ ದಿನನಿತ್ಯದ ಕೆಲಸ. ಯಾವುದಕ್ಕೂ ಗುರುತು ಬೇಕಿರಲಿಲ್ಲ.

ಈ ದಾರಿ ಮನುಷ್ಯನನ್ನು ವಯಸ್ಕನನ್ನಾಗಿ ಮಾಡುತ್ತದೆ. ತಪ್ಪಿದರೆ ತಪ್ಪು ನನ್ನದು ಎನ್ನುವ ಧೈರ್ಯ ಕೊಡುತ್ತದೆ. ಸೋತ ವ್ಯಾಪಾರಕ್ಕೆ, ಮುರಿದ ಸಂಬಂಧಕ್ಕೆ ದೇವರನ್ನು ಹೊಣೆ ಮಾಡುವ ಚಾಳಿಯಿಂದ ಬಿಡಿಸುತ್ತದೆ. ಒಳ್ಳೆಯ ಎರಡು ಆಯ್ಕೆಗಳ ನಡುವೆ ನಿಂತವರಿಗೆ, ಯಾವುದನ್ನು ಹಿಡಿದರೂ ತಂದೆಯ ಪ್ರೀತಿ ತಪ್ಪುವುದಿಲ್ಲ ಎಂಬ ನೆಮ್ಮದಿ ಸಿಗುತ್ತದೆ.

ಇದರಲ್ಲೂ ಅಪಾಯವಿದೆ, ಮೊದಲನೆಯದಕ್ಕಿಂತ ಸಣ್ಣದೇನಲ್ಲ. ವಿವೇಕ ಎಂಬ ಹೆಸರಿನಲ್ಲಿ ಲೆಕ್ಕಾಚಾರ ಒಳಗೆ ಬರುತ್ತದೆ. ಗಂಡು ನೋಡುವಾಗ ಸಂಬಳ, ಫ್ಲ್ಯಾಟು, ಮೈಬಣ್ಣ, ಕ್ರಿಸ್ತನಲ್ಲಿ ಅಳಿದುಹೋಗಬೇಕಿದ್ದ ಜಾತಿ, ಎಲ್ಲವೂ ತಕ್ಕಡಿಗೆ ಬೀಳುತ್ತವೆ. ಎಲ್ಲ ತೀರ್ಮಾನವಾದ ಮೇಲೆ ಸಭಾಪಾಲಕರನ್ನು ಕರೆಸಿ ಪ್ರಾರ್ಥನೆ ಮಾಡಿಸಿದರೆ ಅದು ಆಗಲೇ ಬರೆದ ಪತ್ರಕ್ಕೆ ಹಾಕಿಸಿದ ಮೊಹರಾಗುತ್ತದೆ. ಯಾಕೋಬನ ಪತ್ರದ 4ನೇ ಅಧ್ಯಾಯದಲ್ಲಿ ಬರುವ ವ್ಯಾಪಾರಿಗಳು ದಡ್ಡರಲ್ಲ. ಯಾವ ಪಟ್ಟಣ, ಎಷ್ಟು ಕಾಲ, ಎಷ್ಟು ಲಾಭ ಎಂದು ಯೋಜಿಸಿದವರು. ಅವರ ಯೋಜನೆಯಲ್ಲಿ ಕರ್ತನಿಗೆ ಜಾಗವಿರಲಿಲ್ಲ ಎಂಬುದೇ ಅಪೊಸ್ತಲನ ಆಕ್ಷೇಪ. ಮೇಲಾಗಿ, ಬರೀ ವಿವೇಕವನ್ನು ಕೇಳಿದ್ದರೆ ಅಬ್ರಹಾಮ ಊರು ಬಿಡುತ್ತಿರಲಿಲ್ಲ, ಅನನೀಯನು ದಮಸ್ಕದಲ್ಲಿ ಸೌಲನ ಬಳಿ ಹೋಗುತ್ತಿರಲಿಲ್ಲ. ದೇವರು ಒಮ್ಮೊಮ್ಮೆ ವಿವೇಕಿಗಳಿಗೆ ಹಿಡಿಸದ ಕೆಲಸ ಹೇಳುತ್ತಾನೆ. ಅದನ್ನು ಕೇಳಿಸಿಕೊಳ್ಳುವ ಕಿವಿಯನ್ನೇ ಕಳೆದುಕೊಂಡ ವಿವೇಕ ಬಡವಾದದ್ದು.

ಈ ಎರಡನ್ನೂ ಒಟ್ಟಿಗೆ ಹಿಡಿಯಲು ನಡೆದ ಗಂಭೀರ ಪ್ರಯತ್ನ ಲೊಯೊಲದ ಸಂತ ಇಗ್ನೇಷಿಯಸರದು. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಕಾಲಿಗೆ ಗುಂಡು ತಗುಲಿ ಹಾಸಿಗೆ ಹಿಡಿದಾಗ, ಯಾವ ಯೋಚನೆ ಮನಸ್ಸನ್ನು ಕೊನೆಗೆ ಒಣಗಿಸುತ್ತದೆ, ಯಾವುದು ಆನಂದವನ್ನು ಉಳಿಸಿಹೋಗುತ್ತದೆ ಎಂದು ಗಮನಿಸಿದವರು ಅವರು. ಆ ಗಮನದಿಂದ ಬೆಳೆದ ಆಧ್ಯಾತ್ಮಿಕ ಸಾಧನೆಯ ಕೈಪಿಡಿಗೆ 1548ರಲ್ಲಿ ಪೋಪರ ಮನ್ನಣೆ ಸಿಕ್ಕಿತು. ಅವರು ಸ್ಥಾಪಿಸಿದ ಯೇಸುಸಭೆಯ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಆ ಸಾಧನೆಯ ಕ್ರಮ ಇಲ್ಲಿನ ಕಥೋಲಿಕರಿಗೂ ಧ್ಯಾನಕೂಟಗಳ ಮೂಲಕ ಪರಿಚಿತ. ಇಗ್ನೇಷಿಯಸರ ಪ್ರಕಾರ ತೀರ್ಮಾನಕ್ಕೆ ಮೂರು ಬಗೆಯ ಸಮಯಗಳಿವೆ. ಸಂಶಯಕ್ಕೆ ಎಡೆಯಿಲ್ಲದಂತೆ ದೇವರೇ ಮನಸ್ಸನ್ನು ಎಳೆಯುವುದು ಒಂದು. ಸಾಂತ್ವನ ಮತ್ತು ಒಣತನಗಳ ಏರಿಳಿತವನ್ನು ಪರೀಕ್ಷಿಸಿ ತಿಳಿಯುವುದು ಇನ್ನೊಂದು. ಮನಸ್ಸು ಶಾಂತವಾಗಿರುವಾಗ ಬುದ್ಧಿಯಿಂದ ಸಾಧಕಬಾಧಕ ತೂಗುವುದು ಮೂರನೆಯದು. ಹಾಗೆ ತೂಗುವಾಗ, ಗುರುತು ಪರಿಚಯವಿಲ್ಲದವನೊಬ್ಬ ಇದೇ ಪ್ರಶ್ನೆ ತಂದರೆ ನಾನು ಏನು ಹೇಳುತ್ತಿದ್ದೆ, ಸಾಯುವ ಹೊತ್ತಿನಲ್ಲಿ ಏನು ಆರಿಸಿದ್ದರೆ ಚೆನ್ನಾಗಿತ್ತು ಎನಿಸೀತು ಎಂದು ಕೇಳಿಕೊಳ್ಳಬೇಕು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದಿನ ತೀರ್ಮಾನ ಬದಲಿಸಬಾರದು. ಪಾಪವಾದದ್ದು ಆಯ್ಕೆಯ ಪಟ್ಟಿಗೇ ಬರಬಾರದು. ಇಲ್ಲಿ ಗುರುತಿಗೂ ಜಾಗವಿದೆ, ಬುದ್ಧಿಗೂ ಇದೆ, ಎರಡಕ್ಕೂ ಪರೀಕ್ಷೆ ಇದೆ.

20ನೇ ಶತಮಾನದಲ್ಲಿ ಈ ಪ್ರಶ್ನೆಯನ್ನು ಪ್ರಾಣ ಒತ್ತೆಯಿಟ್ಟು ಬದುಕಿದವರು ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್. 1939ರ ಜೂನ್‌ನಲ್ಲಿ ಗೆಳೆಯರು ಅವರನ್ನು ಹಿಟ್ಲರನ ನಾಡಿನಿಂದ ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿ ಕೆಲಸವಿತ್ತು, ಸುರಕ್ಷತೆ ಇತ್ತು. ಆದರೆ ಜೂನ್ 20ರಂದು ಅವರು ಆ ಕೆಲಸ ಬೇಡವೆಂದರು. ತನ್ನ ಉದ್ದೇಶಗಳು ತನಗೇ ಪೂರ್ತಿ ಸ್ಪಷ್ಟವಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ಹೆರ್ನ್‌ಹೂಟ್‌ನವರು 1731ರಿಂದ ಪ್ರತಿವರ್ಷ ಅಚ್ಚುಮಾಡುತ್ತ ಬಂದಿರುವ ದಿನವಚನದ ಪುಸ್ತಕ ಅವರ ಸಂಗಾತಿಯಾಗಿತ್ತು. ಜೂನ್ 26ರಂದು, ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನಿಗೆ ಬರೆದ ವಚನ ಓದಿದಾಗ ಅದು ದಿನವಿಡೀ ಅವರನ್ನು ಬಿಡಲಿಲ್ಲ. ತನಗೇ ಹೇಳಿದ್ದೆಂದು ಅದನ್ನು ತೆಗೆದುಕೊಂಡರು. ಜುಲೈನಲ್ಲಿ ಹಡಗು ಹತ್ತಿ ಮರಳಿದರು. 1945ರ ಏಪ್ರಿಲ್ 9ರಂದು ಫ್ಲಾಸನ್‌ಬ್ಯೂರ್ಗ್ ಸೆರೆಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಗುರುತಿನ ಪಕ್ಷದವರು ಇದನ್ನು ತಮ್ಮ ಸಾಕ್ಷಿಯೆಂದು ಹೇಳಬಹುದು. ವಚನ ಮಾತಾಡಿತು, ಭಕ್ತ ವಿಧೇಯನಾದ. ವಿವೇಕದ ಪಕ್ಷದವರೂ ಹೇಳಬಹುದು. ತಿಮೊಥೆಯನಿಗೆ ಬರೆದ ಆ ಸಾಲು ಮೂಲದಲ್ಲಿ ಬರೀ ಪ್ರಯಾಣದ ಸೂಚನೆ, ತೀರ್ಮಾನ ಆರು ದಿನ ಮೊದಲೇ ಆಗಿತ್ತು. ಎರಡೂ ನಿಜ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಬೇರೆ. ಕಷ್ಟದಲ್ಲಿರುವ ತನ್ನ ಜನರ ಜೊತೆ ಇರಬೇಕೆಂಬ ಕರ್ತವ್ಯ ಅವರ ಮನಸ್ಸಿನಲ್ಲಿ ವರ್ಷಗಳಿಂದ ಬೆಳೆದಿತ್ತು. ವಚನ ಆ ಕರ್ತವ್ಯವನ್ನು ಹುಟ್ಟಿಸಲಿಲ್ಲ, ಅದರಿಂದ ನುಣುಚಿಕೊಳ್ಳಲು ಬಿಡಲಿಲ್ಲ. ಮತ್ತು ಆ ವಚನದ ಬೆಲೆಯನ್ನು ಅವರು ತಾವೇ ತೆತ್ತರು, ಬೇರೆಯವರಿಂದ ತೆರಿಸಲಿಲ್ಲ.

ಎರಡೂ ಪಕ್ಷಗಳನ್ನು ಅಳೆಯುವ ಕೋಲು ಇಲ್ಲಿದೆ ಎಂದು ನನ್ನ ನಂಬಿಕೆ. ದೇವರ ಚಿತ್ತ ಎಂಬ ಮಾತು ಯಾರನ್ನು ಕಟ್ಟುತ್ತಿದೆ? ಹೇಳುವವನನ್ನೋ, ಕೇಳುವವರನ್ನೋ? ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಇಷ್ಟವನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದು ಸ್ವಂತ ಪ್ರಾಣದ ವಿಷಯದಲ್ಲಿ. ನಿದ್ದೆಹೋದ ಶಿಷ್ಯರ ಪ್ರಾಣದ ವಿಷಯದಲ್ಲಿ ಅಲ್ಲ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ದೇವರ ಚಿತ್ತವನ್ನು ವಿವೇಚಿಸುವ ಮಾತು ಬರುವುದೂ ತಮ್ಮ ತಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ಅರ್ಪಿಸಿ ಎಂಬ ಕರೆಯ ಬೆನ್ನಿಗೇ. ಅರ್ಪಿಸಬೇಕಾದದ್ದು ನಮ್ಮದನ್ನು.

ನಮ್ಮಲ್ಲಿ ಇದು ತಲೆಕೆಳಗಾಗುವುದನ್ನು ಕಾಣುತ್ತೇವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಕನ್ನಡಕ್ಕೆ ಮುದ್ರಣ, ಶಾಲೆ, ಪತ್ರಿಕೆ, ನಿಘಂಟು ಕೊಟ್ಟಿತು. ಆ ಋಣ ದೊಡ್ಡದು. ಅದೇ ಮಿಷನ್ನಿನಲ್ಲಿ ಮಿಷನರಿಯ ಮದುವೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸಮಿತಿಯ ಒಪ್ಪಿಗೆ ಬೇಕಿತ್ತು. ಎಂದೂ ಕಾಣದ ವರನಿಗಾಗಿ ಹಡಗು ಹತ್ತಿ ಬಂದ ಹೆಣ್ಣುಮಕ್ಕಳು ಹಲವರಿದ್ದರು. ಅವರಲ್ಲಿ ಎಷ್ಟೋ ಮಂದಿ ನಿಜವಾದ ಅರ್ಪಣೆಯಿಂದಲೇ ಬಂದವರು, ಅದನ್ನು ಗೌರವಿಸಬೇಕು. ಆದರೆ ಒಬ್ಬರ ಬದುಕಿನ ಕರೆಯನ್ನು ಇನ್ನೊಬ್ಬರ ಮೇಜಿನ ಮೇಲೆ ತೀರ್ಮಾನಿಸುವ ಅಭ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ಇಂದಿಗೂ ಮನಸ್ಸಿಲ್ಲದ ಹುಡುಗಿಗೆ ಇದು ದೇವರ ಚಿತ್ತ ಎಂದು ಹೇಳಿ ಒಪ್ಪಿಸುತ್ತಾರೆ. ಹೊಡೆಯುವ ಗಂಡನ ಜೊತೆ ಸಹಿಸಿಕೊಂಡು ಇರು, ಅದು ನಿನ್ನ ಶಿಲುಬೆ ಎನ್ನುತ್ತಾರೆ. ನೀನು ಈ ಸಭೆ ಬಿಟ್ಟರೆ ಶಾಪ ತಟ್ಟುತ್ತದೆ ಎಂದು ಪ್ರವಾದನೆಯ ಹೆಸರಿನಲ್ಲಿ ಹೆದರಿಸುವವರಿದ್ದಾರೆ. ವಿವೇಕದ ಕಡೆಯವರೂ ಹೊರತಲ್ಲ; ನಿನ್ನ ಒಳಿತು ನಮಗೆ ಗೊತ್ತು ಎಂಬ ಅವರ ಬುದ್ಧಿವಾದ ಎಷ್ಟೋ ಸಲ ಮಗನ ನಿಜವಾದ ಕರೆಯನ್ನು ಚಿವುಟಿಹಾಕಿದೆ. ಆದಿಕಾಂಡದಲ್ಲಿ ಆ ಸೇವಕನಿಗೆ ಅಷ್ಟು ಸ್ಪಷ್ಟ ಗುರುತು ಸಿಕ್ಕ ಮೇಲೂ ರೆಬೆಕ್ಕಳ ಮನೆಯವರು ಆಕೆಯನ್ನು ಕರೆದು, ಈ ಮನುಷ್ಯನ ಜೊತೆ ಹೋಗುತ್ತೀಯಾ ಎಂದು ಕೇಳಿದರು. ಆಕೆ ಹೋಗುತ್ತೇನೆ ಎಂದ ಮೇಲೆಯೇ ಕಳಿಸಿಕೊಟ್ಟರು. ಗುರುತು ಹುಡುಕುವವರು ಆ ಅಧ್ಯಾಯವನ್ನು ಓದುವಾಗ ಈ ಪ್ರಶ್ನೆಯವರೆಗೂ ಓದಬೇಕು.

ಸಲಹೆ ಬೇಡವೇ? ಬೇಕು. ಒಂಟಿಯಾಗಿ ದೇವರ ದನಿ ಕೇಳಿದೆನೆನ್ನುವವನು ತನ್ನ ಆಸೆಯ ದನಿಯನ್ನೇ ಕೇಳಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಿರಿಯರ ಮುಂದೆ, ಸಭೆಯ ಮುಂದೆ, ವಚನದ ಮುಂದೆ ಅದನ್ನು ಇಟ್ಟು ಪರೀಕ್ಷೆಗೆ ಒಡ್ಡುವುದು ಅವನ ಕರ್ತವ್ಯ. ಇಬ್ಬರ ಹೊಣೆ ಬೇರೆ ಬೇರೆ: ತನಗೆ ಕರೆ ಬಂತೆನ್ನುವವನು ಪರೀಕ್ಷೆಗೆ ಒಪ್ಪಬೇಕು, ಪರೀಕ್ಷಿಸುವವನು ಯಜಮಾನನಾಗಬಾರದು.

ಕೊನೆಯದಾಗಿ, ಮದುವೆ, ನೌಕರಿ, ಸೈಟು ಖರೀದಿ ಇಂಥ ತಿರುವುಗಳು ಒಂದು ಬದುಕಿನಲ್ಲಿ ಬೆರಳೆಣಿಕೆಯಷ್ಟು. ಉಳಿದ ದಿನಗಳೆಲ್ಲ ಆಗಲೇ ಗೊತ್ತಿರುವ ಚಿತ್ತವನ್ನು ಮಾಡುವ ದಿನಗಳು. ಕೂಲಿಯವರ ಕೂಲಿ ತಡೆಹಿಡಿಯಬಾರದೆಂದು ಯಾಕೋಬ ಹೇಳಿದ್ದಾನೆ. ಅದಕ್ಕೆ ಉಪವಾಸವಿದ್ದು ಉತ್ತರ ಕೇಳಬೇಕಾಗಿಲ್ಲ. ಆಸ್ತಿಗಾಗಿ ಮಾತು ಬಿಟ್ಟ ಅಣ್ಣನ ಮನೆಗೆ ಹೋಗಬೇಕೇ ಎಂಬುದಕ್ಕೆ ಗುರುತು ಬೇಕಾಗಿಲ್ಲ. ದೇವರ ಚಿತ್ತವನ್ನು ನಡೆಸಲು ಮನಸ್ಸುಳ್ಳವನಿಗೇ ಬೋಧನೆ ದೇವರಿಂದ ಬಂದದ್ದೋ ಎಂಬುದು ತಿಳಿಯುತ್ತದೆಂದು ಯೋಹಾನನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ವಿಧೇಯತೆ ಮೊದಲು, ತಿಳಿವು ಅದರ ಹಿಂದೆ. ಗೊತ್ತಿರುವುದನ್ನು ಪಾಲಿಸದವನಿಗೆ ಗೊತ್ತಿಲ್ಲದ್ದರ ಗುರುತು ಸಿಕ್ಕರೂ ಪ್ರಯೋಜನವಿಲ್ಲ. ಅವನ ವಿವೇಕವೂ ಅವನನ್ನು ಕಾಯುವುದಿಲ್ಲ.

ನನ್ನ ಒಲವು ವಿವೇಕದ ಕಡೆಗೆ ತುಸು ಹೆಚ್ಚು, ಯಾಕೆಂದರೆ ಅದು ಮನುಷ್ಯನನ್ನು ಹೊಣೆಗಾರನನ್ನಾಗಿ ಉಳಿಸುತ್ತದೆ. ಆದರೆ ದೇವರು ಅಡ್ಡ ಬಂದು ಬೇರೆ ದಾರಿ ತೋರಿಸಲಾರನು ಎನ್ನುವ ವಿವೇಕವನ್ನು ನಾನು ಒಪ್ಪಲಾರೆ. ಮನೆಯವರು “ಪ್ರಾರ್ಥನೆ ಮಾಡಿ ಹೇಳ್ತೀವಿ” ಎನ್ನಲಿ, ಮನಸಾರೆ ಪ್ರಾರ್ಥಿಸಲಿ, ವಿಚಾರಿಸಬೇಕಾದ್ದನ್ನು ಕಣ್ಣುಬಿಟ್ಟು ವಿಚಾರಿಸಲಿ. ಆ ಬಳಿಕ ಬಾಳಬೇಕಾದ ಮಗಳನ್ನು ಕೇಳಲಿ. ಅವಳು ಒಲ್ಲೆ ಎಂದರೆ, ದೇವರ ಚಿತ್ತ ತಿಳಿಯಲು ತಾವು ಕೇಳಬೇಕಾಗಿದ್ದ ಮಾತುಗಳಲ್ಲಿ ಅದೂ ಒಂದೆಂದು ತಂದೆತಾಯಿ ಒಪ್ಪಿಕೊಳ್ಳಲಿ.